ವಿಯೆಟ್ನಾಂ: ಉದ್ದಕ್ಕೆ ರೈಲು, ಅಡ್ಡಕ್ಕೆ ಬಸ್ಸು

ವಿಯೆಟ್ನಾಂ ನಕ್ಷೆಯನ್ನು ಒಮ್ಮೆ ನೋಡಿದರೆ ಅರ್ಧ ಯೋಜನೆ ಮುಗಿದ ಹಾಗೆ. ದೇಶವಿರುವುದು ಉದ್ದಕ್ಕೆ. ಡೊಂಗ್ ಹೋಯ್ ಹತ್ತಿರ ಸಮುದ್ರಕ್ಕೂ ಲಾವೋಸ್ ಗಡಿಗೂ ಐವತ್ತು ಕಿಲೋಮೀಟರ್ ಆಚೀಚೆ ಅಷ್ಟೆ. ಆ ಉದ್ದವನ್ನು ಹನೋಯ್‌ನಿಂದ ಸೈಗಾನ್‌ವರೆಗೆ 1,726 ಕಿಲೋಮೀಟರಿನ ಒಂದೇ ರೈಲುಮಾರ್ಗ ಹೊಲಿದಿದೆ. ಸೈಗಾನ್ ಅಂದರೆ ಹೋ ಚಿ ಮಿನ್ ನಗರದ ಹಳೆಯ, ಇನ್ನೂ ಬಳಕೆಯಲ್ಲಿರುವ ಹೆಸರು. ಹಳಿಯಿಂದ ಬೆಟ್ಟಕ್ಕೋ ನದೀಮುಖಜ ಭೂಮಿಗೋ ಹೋಗಬೇಕಾದಾಗ ಬಸ್ಸು.

ಯಾವ ಹಂತಕ್ಕೆ ಯಾವುದು ಎಂದು ತೀರ್ಮಾನಿಸುವಾಗ ಹೆಚ್ಚಿನವರು ಮೊದಲು ಲೆಕ್ಕ ಹಾಕುವುದು ಎಷ್ಟು ಗಂಟೆ, ಎಷ್ಟು ದುಡ್ಡು ಎಂದು. ಅವೆರಡೂ ಆಮೇಲಿನ ಮಾತು. ಮೊದಲು ನೋಡಬೇಕಾದ್ದು ಇಳಿಯುವ ಹೊತ್ತು ಮತ್ತು ಇಳಿಯುವ ಜಾಗ. ಸೈಗಾನ್‌ನಿಂದ ಡಾ ಲಾಟ್‌ಗೆ ಸುಮಾರು 300 ಕಿಲೋಮೀಟರ್. ಬಸ್ಸಿಗೆ ಆರೇಳು ಗಂಟೆ ಸಾಕು. ರಾತ್ರಿ ಹತ್ತಕ್ಕೆ ಹತ್ತಿದರೆ ನಸುಕಿನ ನಾಲ್ಕೂವರೆಗೆ, 1,500 ಮೀಟರ್ ಎತ್ತರದ ಚಳಿಯಲ್ಲಿ, ಬೀಗ ಹಾಕಿದ ಹಾಸ್ಟೆಲ್ ಬಾಗಿಲ ಮುಂದೆ ನಿಂತಿರುತ್ತೀರಿ. ಉಳಿಸಿದ ಒಂದು ರಾತ್ರಿಯ ಬಾಡಿಗೆಯನ್ನು ಮರುದಿನದ ನಿದ್ದೆ ನುಂಗಿರುತ್ತದೆ. ಅದೇ ಬಸ್ಸನ್ನು ಬೆಳಗ್ಗೆ ಏಳಕ್ಕೆ ಹಿಡಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಊರಲ್ಲಿರುತ್ತೀರಿ. ರಾತ್ರಿ ಪ್ರಯಾಣ ಲಾಭದ್ದಾಗಬೇಕಾದರೆ ಅದು ಕನಿಷ್ಠ ಎಂಟು ಗಂಟೆಯದ್ದಾಗಿರಬೇಕು ಮತ್ತು ಬೆಳಗ್ಗೆ ಆರರ ನಂತರ ಮುಗಿಯಬೇಕು. ಈ ಜರಡಿ ಹಿಡಿದರೆ ಅರ್ಧಕ್ಕರ್ಧ ರಾತ್ರಿ ಬಸ್ಸುಗಳು ತಾವಾಗಿಯೇ ಕೆಳಗೆ ಉದುರುತ್ತವೆ.

ಮೊದಲು ರೈಲಿನ ಕಥೆ. ಈ ಮಾರ್ಗವನ್ನು ಫ್ರೆಂಚರು 1899ರಲ್ಲಿ ಶುರು ಮಾಡಿ 1936ರಲ್ಲಿ ಮುಗಿಸಿದರು. 1954ರಲ್ಲಿ ದೇಶ ಎರಡಾದಾಗ ಮಾರ್ಗವೂ ತುಂಡಾಯಿತು. ಯುದ್ಧ ಮುಗಿದ ಮೇಲೆ, 1976ರ ಡಿಸೆಂಬರ್ 31ರಂದು ಮತ್ತೆ ಕೂಡಿತು. ಅದಕ್ಕೇ ಈ ರೈಲುಗಳಿಗೆ ‘ಥೊಂಗ್ ನ್ಯಾಟ್’ ಎಂಬ ಹೆಸರು, ಅಂದರೆ ಪುನರೇಕೀಕರಣ. ಇವತ್ತಿಗೂ ಇದು ಮೀಟರ್ ಗೇಜ್, ಅದರಲ್ಲೂ ಒಂಟಿ ಹಳಿ. ಎದುರಿನ ರೈಲಿಗೆ ದಾರಿ ಬಿಡಲು ಸಣ್ಣ ನಿಲ್ದಾಣಗಳಲ್ಲಿ ಕಾಯಲೇಬೇಕು. ಆದ್ದರಿಂದ ಪೂರ್ತಿ ಪ್ರಯಾಣಕ್ಕೆ ಮೂವತ್ತರಿಂದ ಮೂವತ್ತೈದು ಗಂಟೆ. ಒಂಟಿ ಹಳಿಯ ಇನ್ನೊಂದು ಪರಿಣಾಮ, ಒಂದು ಕಡೆ ಆದ ತಡ ಮುಂದೆ ಬೆಳೆಯುತ್ತಾ ಹೋಗುತ್ತದೆ. ಹನೋಯ್‌ನಲ್ಲಿ ಹತ್ತಿದರೆ ಹೊರಡುವ ಸಮಯವನ್ನು ನಂಬಬಹುದು. ಅದೇ ರೈಲನ್ನು ಏಳುನೂರು ಕಿಲೋಮೀಟರ್ ಆಚೆ ನಡುದಾರಿಯಲ್ಲಿ ಹತ್ತುವವರು ಅರ್ಧ ಗಂಟೆಯಿಂದ ಎರಡು ಗಂಟೆ ಕಾಯುವ ಮನಸ್ಸು ಮಾಡಿಕೊಂಡೇ ಹೋಗಬೇಕು. ರೈಲಿಳಿದು ಒಂದು ಗಂಟೆಯಲ್ಲಿ ಬಸ್ಸು ಅಥವಾ ವಿಮಾನ ಹಿಡಿಯುತ್ತೇನೆ ಎಂಬ ಲೆಕ್ಕ ಈ ಮಾರ್ಗದಲ್ಲಿ ನಡೆಯುವುದಿಲ್ಲ. ನಾಲ್ಕು ಗಂಟೆಯಾದರೂ ಬಿಟ್ಟುಕೊಳ್ಳಿ.

ರೈಲುಗಳ ಸಂಖ್ಯೆ ಓದುವುದು ಸುಲಭ. ಎಸ್‌ಇ ಸರಣಿಯವು ಮುಖ್ಯ ರೈಲುಗಳು. ಬೆಸ ಸಂಖ್ಯೆಯವು ದಕ್ಷಿಣಕ್ಕೆ, ಸಮ ಸಂಖ್ಯೆಯವು ಉತ್ತರಕ್ಕೆ. ಎಸ್‌ಇ1, ಎಸ್‌ಇ3 ಹನೋಯ್‌ನಿಂದ ಹೊರಡುತ್ತವೆ. ಎಸ್‌ಇ2, ಎಸ್‌ಇ4 ಸೈಗಾನ್‌ನಿಂದ. ಎಸ್‌ಪಿ ಎಂದಿದ್ದರೆ ಹನೋಯ್ ಮತ್ತು ಲಾವ್ ಕಾಯ್ ನಡುವಿನದ್ದು, ಅಂದರೆ ಸಾಪಾ ಬೆಟ್ಟಕ್ಕೆ ಹೋಗುವವರ ರೈಲು. ಎಸ್‌ಎನ್‌ಟಿ ಸೈಗಾನ್ ಮತ್ತು ನ್ಯಾ ಟ್ರಾಂಗ್ ನಡುವಿನದ್ದು. ಊರಿನ ಹೆಸರಿನ ಮುಂದೆ ‘ಗಾ’ ಎಂದು ಬರೆದಿದ್ದರೆ ರೈಲು ನಿಲ್ದಾಣ. ಫ್ರೆಂಚರು ಬಿಟ್ಟುಹೋದ ಪದ. ‘ಬೆನ್ ಸೆ’ ಅಂದರೆ ಬಸ್ ನಿಲ್ದಾಣ. ಟ್ಯಾಕ್ಸಿಯವನಿಗೆ ಊರಿನ ಹೆಸರು ಮಾತ್ರ ಹೇಳದೆ ಈ ಎರಡರಲ್ಲಿ ಒಂದನ್ನು ಸೇರಿಸಿ ಹೇಳಿ. ಎರಡರ ನಡುವೆ ಹತ್ತಾರು ಕಿಲೋಮೀಟರ್ ಅಂತರ ಇರುವ ಊರುಗಳೂ ಇವೆ.

ದರ್ಜೆಗಳಲ್ಲಿ ಲೆಕ್ಕಕ್ಕೆ ಬರುವವು ಮೂರು: ಎಸಿ ಇರುವ ಮೆತ್ತನೆಯ ಸೀಟು, ಆರು ಬರ್ತಿನ ಕೋಣೆ, ನಾಲ್ಕು ಬರ್ತಿನ ಕೋಣೆ. ಟಿಕೆಟ್ ಮೇಲೆ ಟಿ1, ಟಿ2, ಟಿ3 ಎಂದಿರುವುದು ಬರ್ತಿನ ಅಂತಸ್ತು. ಟಿ1 ಕೆಳಗಿನದು ಮತ್ತು ದುಬಾರಿ; ಮೇಲೆ ಹೋದಷ್ಟೂ ಅಗ್ಗ. ಆರು ಬರ್ತಿನ ಕೋಣೆಯ ಟಿ3ರಲ್ಲಿ ಎದ್ದು ಕೂರುವುದಕ್ಕೆ ಜಾಗವಿಲ್ಲ, ಎಸಿ ಗಾಳಿ ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ಟಿ1ರಲ್ಲಿ ಹಗಲು ಹೊತ್ತು ಮೇಲಿನವರೂ ಬಂದು ಕೂರುತ್ತಾರೆ. ಅದು ಅಲ್ಲಿನ ರೂಢಿ, ಬೇಸರ ಮಾಡಿಕೊಳ್ಳುವಂಥದ್ದೇನಿಲ್ಲ. ನಾಲ್ಕು ಬರ್ತಿನ ಕೋಣೆಯ ಮೇಲಿನ ಬರ್ತು, ಅಂದರೆ ಅಲ್ಲಿನ ಟಿ2, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯ ವ್ಯವಹಾರ: ಕೂರುವಷ್ಟು ಎತ್ತರ ಇದೆ, ಯಾರೂ ಪಕ್ಕದಲ್ಲಿ ಬಂದು ಕೂರುವುದಿಲ್ಲ, ದರವೂ ಸ್ವಲ್ಪ ಕಡಿಮೆ. ಹನೋಯ್‌ನಿಂದ ಹುಯೆಗೆ, 688 ಕಿಲೋಮೀಟರಿಗೆ, ಈ ಬರ್ತಿಗೆ ದಿನ ಮತ್ತು ರೈಲು ನೋಡಿಕೊಂಡು ಸುಮಾರು ಎಂಟರಿಂದ ಹನ್ನೆರಡು ಲಕ್ಷ ಡಾಂಗ್ ಎಂದಿಟ್ಟುಕೊಳ್ಳಿ.

ಲಕ್ಷ ಎಂದಾಗ ಗಾಬರಿ ಬೇಡ, ಆದರೆ ನೋಟಿನ ಬಗ್ಗೆ ಒಂದು ಎಚ್ಚರಿಕೆ ಬೇಕು. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಬಸ್ ನಿಲ್ದಾಣದ ಮಂದ ಬೆಳಕಿನಲ್ಲಿ ಒಂದು ನೀರಿನ ಬಾಟಲಿಗೆ ಇಪ್ಪತ್ತೈದು ಪಟ್ಟು ಕೊಟ್ಟು ಬರುವವರು ಕಡಿಮೆಯಿಲ್ಲ. 5 ಲಕ್ಷದವನ್ನು ಪರ್ಸಿನ ಬೇರೆ ಅರೆಯಲ್ಲಿಡಿ.

ಟಿಕೆಟ್ ಕೊಳ್ಳುವ ದಾರಿ ಮೂರು. ವಿಯೆಟ್ನಾಂ ರೈಲ್ವೆಯದೇ ಜಾಲತಾಣದಲ್ಲಿ ದರ ಎಲ್ಲಕ್ಕಿಂತ ಕಡಿಮೆ. ಆದರೆ ಕೊನೆಯ ಹಂತದಲ್ಲಿ ಹೊರದೇಶದ ಕಾರ್ಡನ್ನು ತಿರಸ್ಕರಿಸುವುದು ಉಂಟು. ಬಾವೊಲಾವ್, 12ಗೋ ಥರದ ಮಧ್ಯವರ್ತಿ ತಾಣಗಳಲ್ಲಿ ಕಾರ್ಡು ಸಲೀಸಾಗಿ ನಡೆಯುತ್ತದೆ, ಪ್ರತಿ ಟಿಕೆಟ್‌ಗೆ ಒಂದಿಷ್ಟು ಕಮಿಷನ್ ಬೀಳುತ್ತದೆ. ಮೂರನೆಯದು ನಿಲ್ದಾಣದ ಕೌಂಟರ್. ರೈಲಿನ ಸಂಖ್ಯೆ, ತಾರೀಕು, ಎಲ್ಲಿಂದ ಎಲ್ಲಿಗೆ, ಯಾವ ದರ್ಜೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಕೊಟ್ಟರೆ ಭಾಷೆ ಬಾರದಿದ್ದರೂ ಕೆಲಸ ಆಗುತ್ತದೆ. ತಾರೀಕನ್ನು ಮೊದಲು ದಿನ, ಆಮೇಲೆ ತಿಂಗಳು ಎಂಬ ಕ್ರಮದಲ್ಲೇ ಬರೆಯಿರಿ. ಆನ್‌ಲೈನ್ ಟಿಕೆಟ್‌ನಲ್ಲಿ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಇರಬೇಕು. ಗೇಟಿನಲ್ಲಿ ಕ್ಯೂಆರ್ ಕೋಡ್ ತೋರಿಸಿದರೆ ಸಾಕು. ಫೋನಿನ ಚಾರ್ಜ್ ಕೈಕೊಡುವ ಸಾಧ್ಯತೆ ಇರುವುದರಿಂದ ಒಂದು ಮುದ್ರಿತ ಪ್ರತಿಯೂ ಇರಲಿ.

ಎಷ್ಟು ದಿನ ಮೊದಲು? ಸಾಮಾನ್ಯ ವಾರಗಳಲ್ಲಿ ನಾಲ್ಕು ಬರ್ತಿನ ಕೋಣೆಗೆ ಒಂದೆರಡು ವಾರ, ಸೀಟಿಗೆ ಒಂದೆರಡು ದಿನ. ಈ ಲೆಕ್ಕವೆಲ್ಲ ತಲೆಕೆಳಗಾಗುವುದು ‘ತೆತ್’ ಎಂಬ ಚಾಂದ್ರಮಾನ ಹೊಸವರ್ಷಕ್ಕೆ. 2027ರಲ್ಲಿ ಅದು ಫೆಬ್ರವರಿ 6ಕ್ಕೆ ಬರುತ್ತದೆ. ಆಗ ಇಡೀ ದೇಶ ಊರಿಗೆ ಹೊರಡುತ್ತದೆ, ಟಿಕೆಟ್ ತಿಂಗಳುಗಳ ಮೊದಲೇ ಮಾರಾಟಕ್ಕೆ ಬರುತ್ತದೆ. ಒಂದು ಸಣ್ಣ ಕಿಂಡಿ ಮಾತ್ರ ಇದೆ. ಹಬ್ಬದ ಮುಂಚಿನ ದಟ್ಟಣೆ ಸೈಗಾನ್‌ನಿಂದ ಉತ್ತರಕ್ಕೆ, ಹಬ್ಬದ ನಂತರದ್ದು ಉತ್ತರದಿಂದ ಸೈಗಾನ್‌ಗೆ. ಪ್ರವಾಹಕ್ಕೆ ಎದುರಾಗಿ ಹೋಗುವವರಿಗೆ ಬರ್ತು ಸಿಗುತ್ತದೆ, ರಿಯಾಯಿತಿಯೂ ಸಿಗುವುದುಂಟು. ಆದರೆ ಹಬ್ಬದ ಮೂರ್ನಾಲ್ಕು ದಿನ ಅಂಗಡಿ, ಹೋಟೆಲು ಮುಚ್ಚಿರುತ್ತವೆ, ಬಸ್ಸುಗಳೂ ವಿರಳ. ಏಪ್ರಿಲ್ 30, ಮೇ 1ರ ಜೋಡಿ ರಜೆ ಮತ್ತು ಸೆಪ್ಟೆಂಬರ್ 2ರ ರಾಷ್ಟ್ರೀಯ ದಿನವನ್ನೂ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಿ.

ವೀಸಾ ಬಗ್ಗೆ ಚಿಕ್ಕದಾಗಿ. 2023ರ ಆಗಸ್ಟ್ 15ರಿಂದ ಎಲ್ಲ ದೇಶಗಳವರಿಗೂ 90 ದಿನಗಳವರೆಗಿನ ಇ-ವೀಸಾ ಇದೆ. ಒಮ್ಮೆ ಒಳಬರುವುದಕ್ಕೆ 25 ಡಾಲರ್, ಹಲವು ಸಲ ಬರುವುದಕ್ಕೆ 50. ಶುಲ್ಕ ಇದಕ್ಕಿಂತ ಹೆಚ್ಚು ಕೇಳಿದರೆ ನೀವು ಸರ್ಕಾರಿ ತಾಣದಲ್ಲಿಲ್ಲ, ಅದರ ವೇಷ ಹಾಕಿದ ಏಜೆಂಟನ ತಾಣದಲ್ಲಿದ್ದೀರಿ. ಯಾವ ಗಡಿಯಿಂದ ಒಳಬರುತ್ತೀರಿ ಎಂಬುದನ್ನು ಅರ್ಜಿಯಲ್ಲೇ ಹೇಳಬೇಕು. ಬಸ್ಸಿನಲ್ಲಿ ಬರುವವರು ತಮ್ಮ ಗಡಿಠಾಣೆ ಆ ಪಟ್ಟಿಯಲ್ಲಿದೆಯೇ ಎಂದು ಬಸ್ ಟಿಕೆಟ್ ಕೊಳ್ಳುವ ಮೊದಲೇ ನೋಡಬೇಕು. ಜನ್ಮದಿನಾಂಕ ಅಥವಾ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ ಹೊಸ ಅರ್ಜಿ, ಹೊಸ ಶುಲ್ಕ.

ಈಗ ದಾರಿಗೆ ಬರೋಣ, ಉತ್ತರದಿಂದ ದಕ್ಷಿಣಕ್ಕೆ.

ಹನೋಯ್ ನಿಲ್ದಾಣಕ್ಕೆ ಎರಡು ಮುಖ. ದಕ್ಷಿಣದ ರೈಲುಗಳಿಗೆ ಲೇ ಜುವಾನ್ ರಸ್ತೆಯ ಮುಖ್ಯ ದ್ವಾರ. ಲಾವ್ ಕಾಯ್ ಕಡೆಯವಕ್ಕೆ ಹಿಂಬದಿಯ ಚಾನ್ ಕ್ವಿ ಕಾಪ್ ರಸ್ತೆ. ತಪ್ಪು ಮುಖಕ್ಕೆ ಹೋದರೆ ಬ್ಯಾಗು ಹೊತ್ತು ಸುತ್ತಿ ಬರಲು ಹದಿನೈದು ನಿಮಿಷ ಬೇಕು. ಟ್ಯಾಕ್ಸಿ ಕರೆಯುವಾಗಲೇ ಟಿಕೆಟ್‌ನಲ್ಲಿರುವ ರಸ್ತೆಯ ಹೆಸರು ಹಾಕಿ.

ಸಾಪಾಗೆ ಹೋಗಲು ರೈಲೋ ಬಸ್ಸೋ ಎಂಬುದು ಹಳೆಯ ಜಗಳ. 2014ರಲ್ಲಿ ಹನೋಯ್‌–ಲಾವ್ ಕಾಯ್ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಬಸ್ಸು ಐದಾರು ಗಂಟೆಯಲ್ಲಿ ನೇರ ಸಾಪಾ ಊರೊಳಗೆ ಬಿಡುತ್ತದೆ. ರೈಲಿಗೆ ಎಂಟು ಗಂಟೆ, ಅದೂ ಲಾವ್ ಕಾಯ್‌ವರೆಗೆ ಮಾತ್ರ. ಅಲ್ಲಿಂದ 38 ಕಿಲೋಮೀಟರ್ ಬೆಟ್ಟದ ದಾರಿಗೆ ಮಿನಿಬಸ್, ಇನ್ನೊಂದು ಗಂಟೆ. ಹಗಲಾದರೆ ಬಸ್ಸೇ ಸರಿ. ರಾತ್ರಿಯಾದರೆ ಲೆಕ್ಕ ತಿರುಗುತ್ತದೆ: ರಾತ್ರಿ ಬಸ್ಸು ನಸುಕಿನ ಮೂರೂವರೆ ನಾಲ್ಕಕ್ಕೆ ತಲುಪಿಬಿಡುತ್ತದೆ. ಬೆಳಕಾಗುವವರೆಗೆ ಬಸ್ಸಿನಲ್ಲೇ ಮಲಗಲು ಬಿಡುವವರೂ ಇದ್ದಾರೆ, ಆದರೆ ಬುಕ್ ಮಾಡುವಾಗಲೇ ಕೇಳಿಕೊಳ್ಳಬೇಕು. ರಾತ್ರಿ ಹತ್ತರ ರೈಲು ಬೆಳಗ್ಗೆ ಆರರ ಸುಮಾರಿಗೆ ಇಳಿಸುತ್ತದೆ. ನಿಧಾನವೇ ಇಲ್ಲಿ ಅದರ ಗುಣ.

ಹನೋಯ್‌ನಿಂದ ನಿನ್ ಬಿನ್ 115 ಕಿಲೋಮೀಟರ್. ರೈಲಿಗೆ ಎರಡು ಗಂಟೆಯ ಮೇಲೆ ಸ್ವಲ್ಪ. ವ್ಯಾನ್‌ಗಳು ಅದಕ್ಕಿಂತ ಬೇಗ ಹೋಗಿ ಟಾಮ್ ಕಾಕ್‌ನ ವಸತಿಗೃಹದ ಬಾಗಿಲಿಗೇ ಬಿಡುತ್ತವೆ, ರೈಲು ನಿಲ್ದಾಣದಿಂದಾದರೆ ಅಲ್ಲಿಗೆ ಏಳೆಂಟು ಕಿಲೋಮೀಟರ್. ಹೋಗುವಾಗ ವ್ಯಾನ್ ಹಿಡಿದು, ಮುಂದಕ್ಕೆ ಹೊರಡುವಾಗ ರೈಲು ಹತ್ತುವುದು ಜಾಣತನ. ಹನೋಯ್‌ನಿಂದ ಸಂಜೆ ಹೊರಟ ರೈಲುಗಳು ನಿನ್ ಬಿನ್‌ಗೆ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಬರುತ್ತವೆ, ಎಂಟು ಗಂಟೆ ನಿದ್ದೆ ಮಾಡಿಸಿ ಬೆಳಗ್ಗೆ ಡೊಂಗ್ ಹೋಯ್‌ನಲ್ಲಿ ಇಳಿಸುತ್ತವೆ. ಫೋಂಗ್ ನ್ಯಾ ಗುಹೆಗಳಿಗೆ ಇಳಿಯಬೇಕಾದ್ದು ಇಲ್ಲೇ. ಅಲ್ಲಿಂದ ಸುಮಾರು 45 ಕಿಲೋಮೀಟರ್, ಸ್ಥಳೀಯ ಬಸ್ಸು ಇದೆ. ಬೆಳಗ್ಗೆ ಇಳಿಯುವುದರ ಬೆಲೆ ಇಲ್ಲಿ ಗೊತ್ತಾಗುತ್ತದೆ, ಯಾಕೆಂದರೆ ಆ ಬಸ್ಸು ಸಂಜೆಗೇ ನಿಲ್ಲುತ್ತದೆ.

ನಡುರಾತ್ರಿ ಹತ್ತುವವರಿಗೆ ಒಂದು ಕಹಿ ಸತ್ಯ: ಹಾಸಿಗೆಯ ಮೇಲಿನ ಬಟ್ಟೆ ಹೊರಟ ನಿಲ್ದಾಣದಲ್ಲಿ ಹಾಕಿದ್ದು. ನಿಮಗಿಂತ ಮೊದಲು ಅಲ್ಲಿ ಯಾರೋ ಮಲಗಿದ್ದಿರಬಹುದು. ತೆಳು ಹತ್ತಿಯ ಮಲಗುಚೀಲ ಅಥವಾ ಒಂದು ಲುಂಗಿ ಇನ್ನೂರು ಗ್ರಾಂ ಭಾರದಲ್ಲಿ ಈ ಸಮಸ್ಯೆ ಮುಗಿಸುತ್ತದೆ. ನಿಮ್ಮ ನಿಲ್ದಾಣ ಬರುವಾಗ ಬೋಗಿಯ ಸಿಬ್ಬಂದಿ ಎಬ್ಬಿಸುವುದುಂಟು. ಅದನ್ನೇ ನಂಬಿ ಮಲಗಬೇಡಿ. ಫೋನಿನ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಂಡು, ನಿಗದಿತ ಸಮಯಕ್ಕೆ ಇಪ್ಪತ್ತು ನಿಮಿಷ ಮೊದಲು ಅಲಾರಂ ಇಡಿ. ರೈಲು ತಡವಾಗಿದ್ದರೆ ನಕ್ಷೆ ನೋಡಿ ಮತ್ತೆ ಮಲಗಿದರಾಯಿತು. ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದೇ ಕೆಲವು ನಿಮಿಷ, ಎದ್ದು ಬೂಟು ಹುಡುಕುವ ಹೊತ್ತಿಗೆ ಹೊರಟಿರುತ್ತದೆ.

ಹುಯೆಯಿಂದ ಡಾ ನಾಂಗ್‌ವರೆಗಿನ 103 ಕಿಲೋಮೀಟರ್ ಇಡೀ ಮಾರ್ಗದ ತಿರುಳು. ಇದನ್ನು ಬಸ್ಸಿನಲ್ಲಿ ಹೋಗಬೇಡಿ. ಬಸ್ಸು 2005ರಲ್ಲಿ ತೆರೆದ ಆರು ಕಿಲೋಮೀಟರಿಗೂ ಉದ್ದದ ಹಾಯ್ ವಾನ್ ಸುರಂಗದೊಳಗೆ ನುಗ್ಗಿ ಆಚೆ ಬರುತ್ತದೆ, ಕಾಣುವುದು ಟ್ಯೂಬ್‌ಲೈಟು ಮಾತ್ರ. ರೈಲು ಮಾತ್ರ ಲಾಂಗ್ ಕೋ ಕೊಲ್ಲಿಯನ್ನು ಬಳಸಿ, ಬೆಟ್ಟದ ಸೊಂಟ ಹಿಡಿದು, ಕಾಡಿನ ಅಂಚಿನಲ್ಲಿ ಕಡಲನ್ನು ಕೆಳಗಿಟ್ಟುಕೊಂಡು ತೆವಳುತ್ತದೆ. ಎರಡೂವರೆಯಿಂದ ಮೂರು ಗಂಟೆ. ಹಗಲಿನ ರೈಲನ್ನೇ ಹಿಡಿಯಿರಿ. ದಕ್ಷಿಣಕ್ಕೆ ಹೋಗುವಾಗ ಎಡಗಡೆ, ಉತ್ತರಕ್ಕೆ ಬರುವಾಗ ಬಲಗಡೆ ಸಮುದ್ರ. ಇಲ್ಲಿ ಬರ್ತಿಗೆ ದುಡ್ಡು ಸುರಿಯುವುದು ದಂಡ: ಬರ್ತಿನ ಬೋಗಿಯಲ್ಲಿ ಕೋಣೆಗಳೆಲ್ಲ ಒಂದು ಪಕ್ಕ, ಓಡಾಡುವ ಓಣಿ ಇನ್ನೊಂದು ಪಕ್ಕ. ಕೋಣೆ ಬೆಟ್ಟದ ಕಡೆ ಬಿದ್ದರೆ ಮೂರು ಗಂಟೆ ಓಣಿಯಲ್ಲಿ ನಿಂತೇ ನೋಡಬೇಕು. ಮೆತ್ತನೆಯ ಸೀಟು ಸಾಕು. 2024ರ ಮಾರ್ಚ್‌ನಿಂದ ಈ ತುಂಡಿಗೆಂದೇ ಎಚ್‌ಡಿ ಸರಣಿಯ ಪ್ರವಾಸಿ ರೈಲುಗಳಿವೆ. ಅವು ಇಲ್ಲಿಂದಲೇ ಹೊರಡುವುದರಿಂದ ದೂರದ ರೈಲುಗಳ ತಡ ಇವಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಡಾ ನಾಂಗ್‌ನಲ್ಲಿ ಇಳಿಯದೆ ಮುಂದೆ ಹೋಗುವವರಿಗೆ ಒಂದು ವಿಚಿತ್ರ ಕಾದಿರುತ್ತದೆ. ಅದು ಕೊನೆ ಮುಚ್ಚಿದ ನಿಲ್ದಾಣ. ಎಂಜಿನ್ ಬಿಚ್ಚಿ ಹಿಂದಿನ ತುದಿಗೆ ಜೋಡಿಸಿ, ಬಂದ ದಿಕ್ಕಿಗೇ ಹೊರಡುತ್ತಾರೆ. ಅಲ್ಲಿಯವರೆಗೆ ಮುಂದೆ ನೋಡುತ್ತಿದ್ದ ಸೀಟು ಹಿಂದೆ ನೋಡುತ್ತದೆ, ಎಡದ ಕಿಟಕಿ ಬಲದ್ದಾಗುತ್ತದೆ. ವಾಂತಿ ಬರುವ ಸ್ವಭಾವದವರು ಇದನ್ನು ಗಮನದಲ್ಲಿಟ್ಟುಕೊಂಡು ಸೀಟು ಆರಿಸಲಿ.

ಹೋಯಿ ಆನ್‌ಗೆ ರೈಲಿಲ್ಲ. ಡಾ ನಾಂಗ್‌ನಲ್ಲಿಳಿದು ಇನ್ನೂ ಮೂವತ್ತು ಕಿಲೋಮೀಟರ್. ಹೀಗೆ ನಿಲ್ದಾಣಕ್ಕೂ ಊರಿಗೂ ನಂಟು ತಪ್ಪಿರುವ ಜಾಗಗಳು ಹಲವು. ಕ್ವಿ ನ್ಯೋನ್ ಕಡಲೂರಿಗೆ ಮುಖ್ಯ ರೈಲುಗಳು ನಿಲ್ಲುವುದು ಹತ್ತು ಕಿಲೋಮೀಟರ್ ಆಚೆಯ ದಿಯು ಟ್ರಿಯಲ್ಲಿ. ಡಾ ಲಾಟ್‌ನಲ್ಲಿ 1938ರ ಚೆಂದದ ನಿಲ್ದಾಣ ಕಟ್ಟಡ ಇದೆ, ಅಲ್ಲಿಂದ ಏಳು ಕಿಲೋಮೀಟರ್ ದೂರದ ಟ್ರಾಯ್ ಮಾಟ್‌ಗೆ ಪ್ರವಾಸಿ ರೈಲೂ ಓಡುತ್ತದೆ, ಆದರೆ ದೇಶದ ಉಳಿದ ಹಳಿಗೆ ಅದು ಸೇರಿಲ್ಲ. ಹಿಂದೆ ಸೇರಿತ್ತು. ಹಲ್ಲು ಹಳಿಯ ಮೇಲೆ ಹತ್ತಿ ಬರುತ್ತಿದ್ದ ಆ ಉಗಿಬಂಡಿಗಳನ್ನು 1990ರಲ್ಲಿ ಸ್ವಿಸ್ ಪರ್ವತ ರೈಲಿನವರು ಕೊಂಡೊಯ್ದರು. ಹಾಗಾಗಿ ಬುಕಿಂಗ್ ತಾಣದಲ್ಲಿ ಡಾ ಲಾಟ್‌ಗೆ ರೈಲು ಹುಡುಕಿ ಸಿಗಲಿಲ್ಲವೆಂದು ತಲೆಕೆಡಿಸಿಕೊಳ್ಳಬೇಡಿ.

ಇನ್ನೊಂದು ಗೊಂದಲ ಹೊಸದು. 2025ರ ಜುಲೈ 1ರಂದು ವಿಯೆಟ್ನಾಂ ತನ್ನ 63 ಪ್ರಾಂತಗಳನ್ನು 34ಕ್ಕೆ ಇಳಿಸಿತು, ಜಿಲ್ಲಾ ಹಂತವನ್ನೇ ತೆಗೆದುಹಾಕಿತು. ಹೋಯಿ ಆನ್ ಈಗ ಡಾ ನಾಂಗ್ ನಗರಾಡಳಿತದ ಭಾಗ. ಸೈಗಾನ್‌ನ ‘ಒಂದನೇ ಜಿಲ್ಲೆ’ ಕಾಗದದ ಮೇಲೆ ಇಲ್ಲ, ಜನರ ಬಾಯಲ್ಲಿ ಇದೆ. ಹಾಸ್ಟೆಲ್ ವಿಳಾಸ ಹಳೆಯದಿದ್ದು ಬಸ್ ಆ್ಯಪ್ ಹೊಸ ಪ್ರಾಂತದ ಹೆಸರು ತೋರಿಸಿದರೆ ಬೆದರಬೇಡಿ. ನಿಲ್ದಾಣದ ಹೆಸರನ್ನೇ ಹಿಡಿದು ಹುಡುಕಿ.

ಇನ್ನು ಬಸ್ಸು. ಅಲ್ಲಿನ ಸ್ಲೀಪರ್ ಬಸ್ಸಿಗೆ ‘ಸೆ ಗ್ಯೂಂಗ್ ನಾಮ್’ ಎನ್ನುತ್ತಾರೆ. ಉದ್ದಕ್ಕೆ ಮೂರು ಸಾಲು, ನಡುವೆ ಎರಡು ಇಕ್ಕಟ್ಟಿನ ಓಣಿ, ಮೇಲೆ ಕೆಳಗೆ ಎರಡು ಅಂತಸ್ತು, ಒಟ್ಟು ನಲವತ್ತರ ಸುಮಾರು ಹಾಸಿಗೆ. ಹಾಸಿಗೆ ಪೂರ್ತಿ ಮಲಗುವುದಿಲ್ಲ. ನಿಮ್ಮ ಕಾಲು ಮುಂದಿನವರ ತಲೆಯಡಿಯ ಪೆಟ್ಟಿಗೆಯೊಳಗೆ ಹೋಗುತ್ತದೆ. ಐದೂವರೆ ಅಡಿಯವರಿಗೆ ಸುಖ, ಆರಡಿಯವರಿಗೆ ಇಡೀ ರಾತ್ರಿ ಮೊಣಕಾಲು ಮಡಚಿಯೇ ಕಳೆಯಬೇಕು. ಎತ್ತರದವರು ಸ್ವಲ್ಪ ಹೆಚ್ಚು ಕೊಟ್ಟು ಪರದೆಯಿರುವ ಕ್ಯಾಬಿನ್ ಬಸ್ಸು ಹಿಡಿಯುವುದು ಲೇಸು. ಅದರಲ್ಲಿ ಎರಡೇ ಸಾಲು, 22ರ ಸುಮಾರು ಕ್ಯಾಬಿನ್. ಹಾಸಿಗೆ ಆರಿಸುವಾಗ ಕೊನೆಯ ಸಾಲು ಬಿಡಿ: ಕೆಳಗೆ ಎಂಜಿನ್ ಬಿಸಿ, ಹಿಂಚಕ್ರದ ಹಿಂದೆ ಇರುವುದರಿಂದ ಪ್ರತಿ ಗುಂಡಿಗೂ ಎತ್ತಿ ಹಾಕುತ್ತದೆ. ಮೇಲಿನ ಅಂತಸ್ತು ತಿರುವುಗಳಲ್ಲಿ ತೂಗುತ್ತದೆ. ಬಸ್ಸಿನ ನಡುಭಾಗ, ಕೆಳಗಿನ ಅಂತಸ್ತು, ಕಿಟಕಿ ಬದಿ ಇದ್ದರೆ ಅದಕ್ಕಿಂತ ಬೇರೆ ಬೇಡ.

ಹತ್ತುವಾಗ ಬಾಗಿಲಲ್ಲೇ ಚಪ್ಪಲಿ ಕಳಚಬೇಕು, ಇಡಲು ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಲೇಸ್ ಕಟ್ಟುವ ಬೂಟು ಹಾಕಿಕೊಂಡು ಬಂದವರ ಹಿಂದೆ ಸಾಲು ನಿಂತುಬಿಡುತ್ತದೆ. ದೊಡ್ಡ ಬ್ಯಾಗು ಬಸ್ಸಿನ ಹೊಟ್ಟೆಗೆ. ಅಲ್ಲಿ ಅದರ ಜೊತೆ ಪಾರ್ಸೆಲ್ ಮೂಟೆ, ಮೀನಿನ ಸಾಸಿನ ಡಬ್ಬಿ, ಕೆಲವೊಮ್ಮೆ ಬೈಕೂ ಇರುತ್ತದೆ, ಹಾಗಾಗಿ ಮಳೆಹೊದಿಕೆಯನ್ನು ಬ್ಯಾಗಿಗೆ ಹೊದಿಸಿಯೇ ಒಳಗೆ ಕೊಡಿ. ಪಾಸ್‌ಪೋರ್ಟ್, ಹಣ, ಫೋನ್, ಔಷಧಿ, ಒಂದು ಸ್ವೆಟರ್ ಇಷ್ಟು ಸಣ್ಣ ಚೀಲದಲ್ಲಿ ನಿಮ್ಮ ಕಾಲ ಬಳಿ ಇರಲಿ. ಹೆಚ್ಚಿನ ಬಸ್ಸುಗಳಲ್ಲಿ ಶೌಚಾಲಯ ಇಲ್ಲ. ಚಾಲಕ ಸತತ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸಬಾರದು ಎಂಬ ಕಾನೂನು ಇರುವುದರಿಂದ ಅಷ್ಟರೊಳಗೆ ಒಂದು ನಿಲುಗಡೆ ಬಂದೇ ಬರುತ್ತದೆ, ಅದನ್ನು ನೋಡಿಕೊಂಡು ನೀರು ಕುಡಿಯಿರಿ. ನಿಲುಗಡೆಯಲ್ಲಿ ಬಾಗಿಲ ಬಳಿ ಒಂದು ಬುಟ್ಟಿ ರಬ್ಬರ್ ಚಪ್ಪಲಿ ಸುರಿದಿರುತ್ತಾರೆ, ಎಲ್ಲರಿಗೂ ಅವೇ, ಯಾವುದು ಸಿಕ್ಕಿತೋ ಅದು. ಇಳಿದ ತಕ್ಷಣ ಬಸ್ಸಿನ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ. ಇಪ್ಪತ್ತು ನಿಮಿಷ ಬಿಟ್ಟು ಹೊರಬಂದಾಗ ಅದೇ ಬಣ್ಣದ ಆರು ಬಸ್ಸುಗಳು ಸಾಲಾಗಿ ನಿಂತಿರುತ್ತವೆ, ತಲೆ ಎಣಿಸದೆ ಹೊರಡುವವರೂ ಇದ್ದಾರೆ.

ಬಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಎಡವುವುದು ಹತ್ತುವ ಇಳಿಯುವ ಜಾಗದಲ್ಲಿ. ಹನೋಯ್‌ನಲ್ಲಿ ಮೀ ದಿನ್, ಜಾಪ್ ಬಾತ್, ನುವಾಕ್ ಙಾಮ್, ಜಾ ಲಾಮ್ ಎಂದು ದಿಕ್ಕಿಗೊಂದು ನಿಲ್ದಾಣ. ಸೈಗಾನ್‌ನಲ್ಲಿ ಉತ್ತರದ ಕಡೆಗೆ ಹೊಸ ಮಿಯೆನ್ ಡೊಂಗ್, ಮೆಕಾಂಗ್ ಕಡೆಗೆ ಮಿಯೆನ್ ತಾಯ್. ಹೊಸ ಮಿಯೆನ್ ಡೊಂಗ್ ಊರಾಚೆ ಇದೆ. 2020ರಲ್ಲಿ ಅದು ತೆರೆದಾಗ ಟ್ಯಾಕ್ಸಿ ಖರ್ಚೇ ಬಸ್ ಟಿಕೆಟ್‌ಗೆ ಸಮ ಆಗುತ್ತಿತ್ತು. 2024ರ ಡಿಸೆಂಬರ್ 22ರಿಂದ ಮೆಟ್ರೋ ಒಂದನೇ ಮಾರ್ಗ ಓಡುತ್ತಿದೆ. ಬೆನ್ ಥಾನ್ ಮಾರುಕಟ್ಟೆಯಿಂದ ಹತ್ತಿ ಕೊನೆಯ ನಿಲ್ದಾಣದಲ್ಲಿಳಿದರೆ ಬಸ್ ನಿಲ್ದಾಣ ಪಕ್ಕದಲ್ಲೇ. ಹಳೆಯ ಮಾಹಿತಿ ಓದಿ ಇನ್ನೂ ಟ್ಯಾಕ್ಸಿ ಹಿಡಿಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಕೆಲವು ಕಂಪನಿಗಳು ನಿಲ್ದಾಣಕ್ಕೂ ಊರೊಳಗಿನ ಕಚೇರಿಗೂ ನಡುವೆ ಉಚಿತ ಸಣ್ಣ ವ್ಯಾನ್ ಓಡಿಸುತ್ತವೆ, ಕಿತ್ತಳೆ ಬಣ್ಣದ ಫುವಾಂಗ್ ಟ್ರಾಂಗ್ ಬಸ್ಸುಗಳವರಲ್ಲಿ ಈ ಪದ್ಧತಿ ಇದೆ. ‘ಚುಂಗ್ ಚುಯೆನ್’ ಎಂದು ಕೇಳಿದರೆ ತೋರಿಸುತ್ತಾರೆ.

ಇಳಿಯುವ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಬಸ್ಸು ಊರೊಳಗಿನ ಬೆನ್ ಸೆಗೆ ಹೋಗುತ್ತದೆಯೋ, ಹೆದ್ದಾರಿ ತಿರುವಿನಲ್ಲಿ ಇಳಿಸುತ್ತದೆಯೋ? ಹನೋಯ್‌ನಿಂದ ಡಾ ನಾಂಗ್‌ಗೆ ಹೋಗುವ ಬಸ್ಸಿಗೆ ನಿನ್ ಬಿನ್, ಡೊಂಗ್ ಹೋಯ್ ಎಲ್ಲ ದಾರಿಬದಿಯ ಊರುಗಳು. ಹೊಸ ಎಕ್ಸ್‌ಪ್ರೆಸ್‌ವೇ ತುಂಡುಗಳು ತೆರೆದಷ್ಟೂ ಬಸ್ಸು ಊರಿಂದ ದೂರ ಸರಿಯುತ್ತಿದೆ. ನಸುಕಿನ ಎರಡಕ್ಕೆ ಕತ್ತಲೆಯ ತಿರುವಿನಲ್ಲಿ ಇಳಿಸಿದರೆ ಗ್ರ್ಯಾಬ್ ಆ್ಯಪ್‌ನಲ್ಲೂ ಗಾಡಿ ಸಿಗುವುದಿಲ್ಲ. ಆದ್ದರಿಂದ ಬಸ್ಸಿನ ಕೊನೆಯ ನಿಲ್ದಾಣವೇ ನಿಮ್ಮ ಊರಾಗಿರುವಂತೆ ನೋಡಿಕೊಳ್ಳಿ, ನಡುದಾರಿಯ ಊರುಗಳಿಗೆ ರೈಲು ಹಿಡಿಯಿರಿ.

ಪಿಕಪ್‌ನಲ್ಲೂ ಒಂದು ತೊಡಕು. ಹೊರಡುವ ಅರ್ಧ ಗಂಟೆ ಮೊದಲು ಬಸ್ಸಿನವರು ಫೋನ್ ಮಾಡಿ ಎಲ್ಲಿ ನಿಂತಿದ್ದೀರಿ ಎಂದು ಕೇಳುತ್ತಾರೆ. ಡೇಟಾ ಮಾತ್ರ ಇರುವ ಇ-ಸಿಮ್‌ಗೆ ಕರೆ ಬರುವುದಿಲ್ಲ. ಬಂದರೂ ಆ ಕಡೆ ಮಾತಾಡುವುದು ವಿಯೆಟ್ನಾಮೀಸ್. ಬುಕಿಂಗ್‌ನಲ್ಲಿ ಹಾಸ್ಟೆಲ್ ಸ್ವಾಗತಕಟ್ಟೆಯ ನಂಬರನ್ನು ಅವರನ್ನು ಕೇಳಿ ಹಾಕಿ, ಅಥವಾ ಸ್ಥಳೀಯ ಸಿಮ್ ಕೊಂಡು ಜಾಲೊ ಆ್ಯಪ್ ಹಾಕಿಕೊಳ್ಳಿ. ಅಲ್ಲಿ ಎಲ್ಲರ ಮಾತುಕತೆ ಅದರಲ್ಲೇ, ನಿಂತ ಜಾಗದ ಲೊಕೇಶನ್ ಕಳಿಸಿದರೆ ಭಾಷೆಯೇ ಬೇಡ.

ಊಟದ ವಿಷಯ. ರೈಲಿನಲ್ಲಿ ಅನ್ನದ ಗಾಡಿ ಬರುತ್ತದೆ, ಬೋಗಿಯ ತುದಿಯಲ್ಲಿ ಕುದಿನೀರಿನ ನಲ್ಲಿ ಇರುತ್ತದೆ. ಬಟ್ಟಲು ನೂಡಲ್ಸ್, ಹಣ್ಣು, ಬ್ರೆಡ್ಡು ನಿಲ್ದಾಣದಲ್ಲೇ ಕೊಂಡು ಹತ್ತುವುದು ವಾಸಿ. ಸಸ್ಯಾಹಾರಿಗಳು ಕಲಿಯಬೇಕಾದ ಪದ ‘ಚಾಯ್’, ಅಂದರೆ ಸಸ್ಯಾಹಾರ. ನಮ್ಮ ಕಿವಿಗೆ ಟೀ ಎಂದು ಕೇಳಿಸುತ್ತದೆ, ಆದರೆ ಅದನ್ನೇ ಹೇಳಬೇಕು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಮೀನಿನ ಸಾಸು ಹಾಕಿಯೇ ತರುತ್ತಾರೆ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಬೌದ್ಧರಲ್ಲಿ ಬಹಳ ಜನ ಚಾಯ್ ತಿನ್ನುವುದರಿಂದ ಆ ದಿನಗಳಲ್ಲಿ ಸುಲಭವಾಗಿ ಸಿಗುತ್ತದೆ.

ಹವಾಮಾನವನ್ನು ಮರೆತು ಮಾಡಿದ ಯೋಜನೆ ನಡುವಿಯೆಟ್ನಾಂನಲ್ಲಿ ಕೈಕೊಡುತ್ತದೆ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಮಳೆ, ಚಂಡಮಾರುತ. ಅಕ್ಟೋಬರ್, ನವೆಂಬರ್‌ನಲ್ಲಿ ಡೊಂಗ್ ಹೋಯ್, ಹುಯೆ ಸುತ್ತ ಹಳಿ ಮುಳುಗುವುದು ಹೊಸದಲ್ಲ. ಹಳಿ ಒಂದೇ ಆದ್ದರಿಂದ ಒಂದು ಕಡೆ ಕೆಟ್ಟರೆ ಬದಲಿ ದಾರಿ ಇಲ್ಲ. 2024ರ ಏಪ್ರಿಲ್‌ನಲ್ಲಿ ನ್ಯಾ ಟ್ರಾಂಗ್‌ನ ಉತ್ತರಕ್ಕಿರುವ ಬಾಯ್ ಜೊ ಸುರಂಗ ಕುಸಿದಾಗ ಪ್ರಯಾಣಿಕರನ್ನು ಆ ತುಂಡಿನಲ್ಲಿ ಬಸ್ಸಿಗೆ ಹತ್ತಿಸಿ, ಆಚೆ ಇನ್ನೊಂದು ರೈಲಿಗೆ ಏರಿಸಿದರು. ಹಾಗಾದಾಗ ಟಿಕೆಟ್ ಹರಿಯದೆ ಇಟ್ಟುಕೊಂಡು, ಬೋಗಿಯ ಸಿಬ್ಬಂದಿಯ ಹಿಂದೆಯೇ ಹೋಗಿ. ನ್ಯಾ ಟ್ರಾಂಗ್‌ನಿಂದ ಡಾ ಲಾಟ್‌ಗೆ ಹತ್ತುವ ಖಾನ್ ಲೇ ಘಾಟಿಯಲ್ಲೂ ಇದೇ ತಿಂಗಳುಗಳಲ್ಲಿ ಗುಡ್ಡ ಜರಿಯುತ್ತದೆ. ಸುಮಾರು 140 ಕಿಲೋಮೀಟರ್, ನಾಲ್ಕು ಗಂಟೆಯ ದಾರಿ. ಮಳೆಯಲ್ಲಿ ಅದನ್ನು ಹಗಲಲ್ಲೇ ಹೋಗಿ, ವಾಂತಿ ಮಾತ್ರೆಯನ್ನು ಹತ್ತುವ ಅರ್ಧ ಗಂಟೆ ಮೊದಲು ನುಂಗಿ.

ಡಾ ನಾಂಗ್‌ನಿಂದ ನ್ಯಾ ಟ್ರಾಂಗ್ 524 ಕಿಲೋಮೀಟರ್, ಒಂಬತ್ತು ಹತ್ತು ಗಂಟೆ: ರಾತ್ರಿ ರೈಲಿಗೆ ಹೇಳಿ ಮಾಡಿಸಿದ ಅಳತೆ. ನ್ಯಾ ಟ್ರಾಂಗ್‌ನಿಂದ ಸೈಗಾನ್ 411 ಕಿಲೋಮೀಟರ್, ಏಳೆಂಟು ಗಂಟೆ; ರಾತ್ರಿ ಒಂಬತ್ತಕ್ಕೆ ಮೊದಲು ಹೊರಟರೆ ಬೆಳಕಾಗುವ ಮೊದಲೇ ಇಳಿಯಬೇಕಾಗುತ್ತದೆ, ಹತ್ತರ ನಂತರದ್ದನ್ನು ಹುಡುಕಿ. ಸೈಗಾನ್‌ನಿಂದ ಮುಂದೆ ಹಳಿಯೇ ಇಲ್ಲ. ಕಾನ್ ಥೋ ಮತ್ತು ಮೆಕಾಂಗ್ ಊರುಗಳಿಗೆ ಮಿಯೆನ್ ತಾಯ್‌ನಿಂದ ಬಸ್ಸು, ಮೂರೂವರೆ ನಾಲ್ಕು ಗಂಟೆ, ಇಡೀ ದಿನ ಬಿಟ್ಟು ಬಿಟ್ಟು ಸಿಗುತ್ತದೆ, ಮುಂಗಡ ಬೇಡ.

ಕಾಂಬೋಡಿಯಾ ಕಡೆಗೆ ದಾಟುವವರು ಮೊಕ್ ಬಾಯ್ ಗಡಿಯ ಮೂಲಕ ನೋಮ್ ಪೆನ್ ಬಸ್ಸು ಹಿಡಿಯುತ್ತಾರೆ, ಆರೇಳು ಗಂಟೆ. ಮರಳಿ ವಿಯೆಟ್ನಾಂಗೆ ಬರುವ ಯೋಚನೆಯಿದ್ದರೆ 50 ಡಾಲರಿನ ವೀಸಾ ಮೊದಲೇ ಮಾಡಿಸಿರಬೇಕು, ಒಂದು ಸಲದ್ದು ದಾಟಿದ ಕ್ಷಣ ಮುಗಿಯಿತು. ದಾರಿಯಲ್ಲಿ ಬಸ್ಸಿನ ಸಹಾಯಕ ಎಲ್ಲರ ಪಾಸ್‌ಪೋರ್ಟ್ ಒಟ್ಟುಮಾಡಿ ಕಂತೆ ಕಟ್ಟಿಕೊಂಡು ಹೋಗುತ್ತಾನೆ. ಅದು ಅಲ್ಲಿನ ಮಾಮೂಲು ಕ್ರಮ, ಮೋಸವಲ್ಲ. ಕೊಡುವ ಮೊದಲು ಫೋಟೋ ಪುಟ ಮತ್ತು ವೀಸಾ ಪುಟದ ಚಿತ್ರ ಫೋನಿನಲ್ಲಿ ಇರಲಿ. ಕಾಂಬೋಡಿಯಾ ವೀಸಾ ಶುಲ್ಕದ ಮೇಲೆ ‘ಸೇವೆ’ಗೆಂದು ಒಂದಿಷ್ಟು ಡಾಲರ್ ಸೇರಿಸಿ ಕೇಳುವುದು ಮಾಮೂಲು, ಬೇಡವೆಂದರೆ ನೀವೇ ಕಿಟಕಿಗೆ ಹೋಗಬಹುದು, ಬಸ್ಸು ಕಾಯುತ್ತದೆಯೋ ಎಂದು ಮೊದಲು ಕೇಳಿಕೊಳ್ಳಿ. ಪಾಸ್‌ಪೋರ್ಟ್ ಕೈಗೆ ಮರಳಿದಾಗ ವಿಯೆಟ್ನಾಂನಿಂದ ಹೊರಬಿದ್ದ ಮುದ್ರೆ, ಕಾಂಬೋಡಿಯಾ ಒಳಹೊಕ್ಕ ಮುದ್ರೆ, ಎರಡೂ ಬಿದ್ದಿವೆಯೇ, ತಾರೀಕು ಇವತ್ತಿನದೇ ಎಂದು ಅಲ್ಲೇ ನಿಂತು ನೋಡಿ, ಆಮೇಲೆ ಬಸ್ಸು ಹತ್ತಿ.